ಹಳೆಯ ಗ್ರೆಕೊ ಗಿಟಾರಿನ ನಿಖರ ಮಾಡೆಲ್ ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದವನು. ಈಗ ಜಪಾನಿನ ಯೊಕೊಹಾಮದಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಆಕಾರ ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನದು, ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಲೆಭಾಗ) ಮೇಲೆ ಗ್ರೆಕೊ ಎಂದಿದೆ. ಅದರ ಹಿಂಭಾಗದಲ್ಲಿ ‘ಎಫ್77’ ಎಂದು ಶುರುವಾಗಿ ಮುಂದೆ ನಾಲ್ಕು ಅಂಕಿಗಳಿವೆ. ಸನ್‌ಬರ್ಸ್ಟ್ ಬಣ್ಣ. ನೆಕ್ಕನ್ನು ಬಾಡಿಗೆ ಅಂಟಿಸಿದ್ದಾರೆ, ಬೋಲ್ಟ್ ಇಲ್ಲ. ಬಾಡಿಯ ಪಕ್ಕದಲ್ಲಿ ಸುತ್ತಲೂ ಒಂದು ತೆಳು ಗೆರೆ ಕಾಣುತ್ತದೆ, ಬಿರುಕಾ ಅಂತ ಭಯ. ಅಂಗಡಿಯ ಚೀಟಿಯಲ್ಲಿ ಬರೀ ‘ಗ್ರೆಕೊ ಇಜಿ’ ಎಂದಿತ್ತು. ಇಂಥದ್ದೇ ಒಂದನ್ನು ಆನ್‌ಲೈನ್‌ನಲ್ಲಿ ‘ಲಾಸೂಟ್ (ಕೋರ್ಟ್ ಕೇಸ್) ಮಾಡೆಲ್, ಇಜಿ-1000’ ಎಂದು ತುಂಬಾ ದುಬಾರಿಗೆ ಮಾರುತ್ತಿದ್ದಾರೆ. ನನ್ನದು ನಿಜವಾಗಿ ಯಾವ ಮಾಡೆಲ್? ಸೀರಿಯಲ್ ನಂಬರಿನಿಂದ ಗೊತ್ತಾಗುತ್ತದಾ? ಮುಂದೆ ಊರಿಗೆ ತರಲು ಏನಾದರೂ ತೊಂದರೆ ಇದೆಯಾ?

ಉತ್ತರ: ಸೀರಿಯಲ್ ನಂಬರಿನಿಂದ ನಿಮ್ಮ ಗಿಟಾರ್ ಯಾವ ತಿಂಗಳು ತಯಾರಾಯಿತು ಅನ್ನುವುದು ಗೊತ್ತಾಗುತ್ತದೆ. ಮಾಡೆಲ್ ಗೊತ್ತಾಗುವುದಿಲ್ಲ. ಹಳೇ ಜಪಾನಿ ಗಿಟಾರ್ ಕೊಂಡವರಲ್ಲಿ ಹೆಚ್ಚಿನವರು ಮೊದಲು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ನಂಬರ್ ಹಿಡಿದು ಹುಡುಕುತ್ತಾರೆ, ವರ್ಷ ಸಿಕ್ಕ ಕೂಡಲೇ ಮಾಡೆಲ್ಲೂ ಸಿಕ್ಕಿತು ಅಂದುಕೊಳ್ಳುತ್ತಾರೆ. ಮಾರುವವರಿಗೂ ಅದೇ ಬೇಕು.

ಮೊದಲು ನಂಬರ್ ನೋಡೋಣ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಎಫ್ ಆರನೇ ಅಕ್ಷರ, ಹಾಗಾಗಿ ಜೂನ್. ಮುಂದಿನ ಎರಡು ಅಂಕಿ ವರ್ಷ. ಉಳಿದ ನಾಲ್ಕು ಕ್ರಮಸಂಖ್ಯೆ. ನಿಮ್ಮದು 1977ರ ಜೂನ್ ತಿಂಗಳದ್ದು. ಐಬನೆಜ್ ಗಿಟಾರುಗಳಲ್ಲೂ 1975ರಿಂದ ಇದೇ ಪದ್ಧತಿ ಇತ್ತು. ಯಾಕೆಂದರೆ ಆ ಕಾಲದಲ್ಲಿ ಎರಡೂ ಬ್ರ್ಯಾಂಡಿನ ಗಿಟಾರುಗಳು ಬಹುಪಾಲು ಒಂದೇ ಕಾರ್ಖಾನೆಯಿಂದ ಬರುತ್ತಿದ್ದವು. ಅದು ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ಊರಿನ ಫುಜಿಗೆನ್, 1960ರಲ್ಲಿ ಶುರುವಾದ ಕಂಪನಿ. ಗ್ರೆಕೊ ಅನ್ನುವುದು ಟೋಕಿಯೊದ ಕಾಂಡಾ ಶೋಕೈ ಎಂಬ ವ್ಯಾಪಾರಿ ಸಂಸ್ಥೆಯ ಬ್ರ್ಯಾಂಡ್. ಐಬನೆಜ್ ನಗೋಯಾದ ಹೋಶಿನೊ ಗಕ್ಕಿ ಸಂಸ್ಥೆಯದು. ಗ್ರೆಕೊ ಜಪಾನಿನ ಒಳಗಿನ ಮಾರುಕಟ್ಟೆಗೆ, ಐಬನೆಜ್ ಮುಖ್ಯವಾಗಿ ಹೊರದೇಶಗಳಿಗೆ. ಕೆಲವು ಸಲ ಒಂದೇ ವಿನ್ಯಾಸ ಎರಡು ಹೆಸರಲ್ಲಿ ಹೊರಬಂದದ್ದೂ ಇದೆ. ಐಬನೆಜ್‌ನ ಐಸ್‌ಮನ್ ಜಪಾನಿನಲ್ಲಿ ಗ್ರೆಕೊ ಮಿರಾಜ್ ಆಗಿತ್ತು.

ಆ ನಾಲ್ಕು ಅಂಕಿಯ ಕ್ರಮಸಂಖ್ಯೆಯಲ್ಲಿ ಮಾಡೆಲ್ಲಿನ ಸುಳಿವು ಇಲ್ಲ. ಅಗ್ಗದ್ದಿರಲಿ, ದುಬಾರಿಯದಿರಲಿ, ನಂಬರಿನ ಸ್ವರೂಪ ಒಂದೇ. ಅದರಲ್ಲಿ ಗುಟ್ಟೇನೋ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಮಾಡೆಲ್ ಎಲ್ಲಿ ಬರೆದಿದೆ? ಗಿಟಾರಿನ ಮೈಮೇಲೆ ಸಾಮಾನ್ಯವಾಗಿ ಎಲ್ಲೂ ಇಲ್ಲ. ಜಪಾನಿನ ಒಳಮಾರುಕಟ್ಟೆಯಲ್ಲಿ ಆಗ ಮಾಡೆಲ್ ಹೆಸರೆಂದರೆ ಬೆಲೆಯೇ. ಇಜಿ ಅಂದರೆ ಗ್ರೆಕೊದ ಲೆಸ್ ಪಾಲ್ ಆಕಾರದ ಸಾಲು. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಆಕಾರದ್ದು ಎಸ್‌ಇ. ಅದರ ಮುಂದಿನ ಸಂಖ್ಯೆಗೆ ಎರಡು ಸೊನ್ನೆ ಸೇರಿಸಿದರೆ ಹೊಸದಾಗಿದ್ದಾಗಿನ ಬೆಲೆ ಸಿಗುತ್ತದೆ. ಇಜಿ-500 ಅಂದರೆ 50,000 ಯೆನ್. ಇಜಿ-700 ಅಂದರೆ 70,000 ಯೆನ್. ಇಜಿ-1000 ಅಂದರೆ ಒಂದು ಲಕ್ಷ ಯೆನ್. ಕೊನೆಯಲ್ಲಿ ‘ಸಿ’ ಇದ್ದರೆ ಅದು ಲೆಸ್ ಪಾಲ್ ಕಸ್ಟಮ್ ಮಾದರಿಯ ಅಲಂಕಾರದ್ದು. ಈ ಪದ್ಧತಿ ಗ್ರೆಕೊಗೆ ಮಾತ್ರ ಸೀಮಿತವಲ್ಲ. ಹಮಾಮಾತ್ಸುವಿನ ಟೋಕಾಯ್ ಕಂಪನಿಯ ಎಲ್‌ಎಸ್-80 ಅಂದರೆ 80,000 ಯೆನ್. 1982ರಲ್ಲಿ ಶುರುವಾದ ಫೆಂಡರ್ ಜಪಾನಿನ ಎಸ್‌ಟಿ62-115 ಅಂದರೆ 1962ರ ಸ್ಟ್ರಾಟ್ ಮಾದರಿ, 1,15,000 ಯೆನ್.

ಇದು ಗೊತ್ತಾದ ಮೇಲೆ ಇಡೀ ಪ್ರಶ್ನೆಯೇ ಬದಲಾಗುತ್ತದೆ, ಅಲ್ವಾ? ‘ನನ್ನ ಗಿಟಾರಿನ ಮಾಡೆಲ್ ಯಾವುದು’ ಅಂದರೆ ‘1977ರಲ್ಲಿ ಇದನ್ನು ಎಷ್ಟು ಯೆನ್‌ಗೆ ಮಾರುತ್ತಿದ್ದರು’ ಅಂತ ಅರ್ಥ. ಬೆಲೆ ಜಾಸ್ತಿಯಾದ ಹಾಗೆ ಕಾರ್ಖಾನೆಯವರು ಏನು ಬದಲಾಯಿಸುತ್ತಿದ್ದರು? ಹೊರಗಿನ ಆಕಾರವನ್ನಂತೂ ಅಲ್ಲ. ಐದು ಅಡಿ ದೂರದಿಂದ ನೋಡಿದರೆ 500ಕ್ಕೂ 800ಕ್ಕೂ ವ್ಯತ್ಯಾಸ ಗೊತ್ತಾಗದೇ ಇರಬಹುದು. ಬದಲಾಗುತ್ತಿದ್ದದ್ದು ಮರ, ಮರವನ್ನು ಜೋಡಿಸಿದ ರೀತಿ, ನೆಕ್ ಕೂರಿಸಿದ ರೀತಿ, ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಾಯಿಸುವ ಪಿಕಪ್. ಅಂದರೆ ಉತ್ತರ ಇರುವುದು ಒಳಗೆ. ಅದನ್ನು ಬಿಚ್ಚಿ ನೋಡಿ, ಅದೇ ವರ್ಷದ ಕ್ಯಾಟಲಾಗಿನ ಜೊತೆ ಹೋಲಿಸಬೇಕು. ಬೇರೆ ದಾರಿ ಇಲ್ಲ.

ಬಿಚ್ಚುವ ಮೊದಲು ಹೊರಗಿನಿಂದಲೇ ತಿಳಿಯುವುದನ್ನು ಮುಗಿಸಿಕೊಳ್ಳಿ. ನಿಮ್ಮನ್ನು ಹೆದರಿಸಿದ ಆ ಗೆರೆ ಬಿರುಕಲ್ಲ. ಬಾಡಿಯನ್ನು ಒಂದೇ ಹಲಗೆಯಿಂದ ಮಾಡದೆ ಎರಡು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ್ದಾರೆ. ಅದು ಆ ಅಂಟಿನ ಗೆರೆ, ಅಥವಾ ನಡುವೆ ಇಟ್ಟ ತೆಳು ಮರದ ಪದರ. ಗಿಟಾರ್ ಮಂದಿ ಇದನ್ನು ಪ್ಯಾನ್‌ಕೇಕ್ ಬಾಡಿ ಅನ್ನುತ್ತಾರೆ. ಇದು ಜಪಾನಿನವರು ಹಣ ಉಳಿಸಲು ಮಾಡಿದ ಉಪಾಯ ಎಂದು ಕೆಲವರು ಹೇಳುತ್ತಾರೆ. ಆ ಮಾತು ಸರಿಯಲ್ಲ. ಅಮೆರಿಕದ ಗಿಬ್ಸನ್ ಕಂಪನಿಯೇ 1969ರಿಂದ 1970ರ ದಶಕದ ನಡುಭಾಗದವರೆಗೆ ಎರಡು ಮಹಾಗನಿ ಹಲಗೆಗಳ ನಡುವೆ ತೆಳುವಾದ ಮೇಪಲ್ ಪದರ ಇಟ್ಟು ಲೆಸ್ ಪಾಲ್ ಮಾಡುತ್ತಿತ್ತು. ಮಾತ್ಸುಮೊಟೊದವರು ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಲೆಸ್ ಪಾಲನ್ನು ನೋಡಿ ಗಿಟಾರ್ ಮಾಡಿದರು, ಹಾಗಾಗಿ ಆ ಪದರವೂ ಬಂತು. 1950ರ ದಶಕದ ಲೆಸ್ ಪಾಲ್‌ಗಳನ್ನು ತೀರಾ ಹತ್ತಿರದಿಂದ ಅಭ್ಯಾಸ ಮಾಡಿ ಅದೇ ತರ ಕಟ್ಟುವ ಹುಚ್ಚು ಆಮೇಲಿನದು. 1980ರ ಸುಮಾರಿನ ಗ್ರೆಕೊ ‘ಸೂಪರ್ ರಿಯಲ್’ ಸಾಲು ಅದರ ಫಲ. ಆ ಸಾಲಿನ ಇಜಿಎಫ್-1800 ಎಂಬ ಗಿಟಾರಿನ ಬೆಲೆ ಹೆಸರೇ ಹೇಳುವಂತೆ 1,80,000 ಯೆನ್. ಹೀಗೆ ಯಾವ ಕಾಲದ ಗಿಬ್ಸನ್ನನ್ನು ಹಿಂಬಾಲಿಸಿದ್ದಾರೆ ಅನ್ನುವುದರಿಂದಲೂ ಜಪಾನಿ ಗಿಟಾರಿನ ಕಾಲ ತಿಳಿಯುತ್ತದೆ. ನಿಮ್ಮ ಗಿಟಾರಿನ ಗೆರೆ 1977ಕ್ಕೆ ಸರಿಯಾಗಿ ಹೊಂದುತ್ತದೆ.

ಅಂಟಿಸಿದ ನೆಕ್ ಕೂಡ ಒಳ್ಳೇ ಸುಳಿವು. 1970ರ ದಶಕದ ಆರಂಭದಲ್ಲಿ ಇಜಿ ಗಿಟಾರುಗಳ ನೆಕ್ಕನ್ನು ಫೆಂಡರ್ ತರ ಬೋಲ್ಟ್ ಹಾಕಿ ಕೂರಿಸುತ್ತಿದ್ದರು. ಎಷ್ಟೋ ಗಿಟಾರುಗಳ ಮೇಲ್ಭಾಗ ಗಟ್ಟಿ ಮರವೂ ಅಲ್ಲ, ಬಗ್ಗಿಸಿದ ಪ್ಲೈವುಡ್. ಅದರ ಉಬ್ಬಿನ ಕೆಳಗೆ ಟೊಳ್ಳು. ಇದನ್ನು ಪರೀಕ್ಷಿಸುವುದು ಸುಲಭ. ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಪಟ್ಟಿ) ಮತ್ತು ನಾಬ್‌ಗಳ ನಡುವಿನ ಜಾಗದಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಟೊಳ್ಳಿದ್ದರೆ ಡಬಡಬ ಎನ್ನುವ ಸದ್ದು, ಗಟ್ಟಿ ಇದ್ದರೆ ಮೊಂಡು ಸದ್ದು. 1977ರ ಹೊತ್ತಿಗೆ ನಡು ಬೆಲೆಯ ಗಿಟಾರುಗಳಿಗೆ ಅಂಟಿಸಿದ ನೆಕ್ ಬಂದಿತ್ತು, ಬೋಲ್ಟ್ ನೆಕ್ ಕೆಳಗಿನ ಬೆಲೆಯವಕ್ಕೆ ಉಳಿಯಿತು. ಹಾಗಾಗಿ ನಿಮ್ಮದು ಸಾಲಿನ ಕೆಳತುದಿಯದ್ದಲ್ಲ ಎಂದು ಈಗಲೇ ಹೇಳಬಹುದು.

ಇನ್ನು ಒಳಗೆ ಹೋಗೋಣ. ಇಲ್ಲಿ ಅವಸರ ಮಾಡಬೇಡಿ, ಮೊದಲು ಸರಿಯಾದ ಸ್ಕ್ರೂ ಡ್ರೈವರ್ ತನ್ನಿ. ಹಳೇ ಜಪಾನಿ ಗಿಟಾರಿನ ಪ್ಲಸ್ ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು. ನಮ್ಮಲ್ಲಿ ಮನೆಮನೆಯಲ್ಲಿರುವ ಫಿಲಿಪ್ಸ್ ಡ್ರೈವರ್ ಅದರಲ್ಲಿ ಕೂತ ಹಾಗೆ ಕಾಣುತ್ತದೆ, ಆದರೆ ಒತ್ತಿ ತಿರುಗಿಸಿದರೆ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ತಲೆ ಸವೆದ ಸ್ಕ್ರೂ ನೋಡಿದರೆ ಮುಂದೆ ಕೊಳ್ಳುವವನಿಗೆ ‘ಇದನ್ನು ಯಾರೋ ಕೆದಕಿದ್ದಾರೆ’ ಎಂಬ ಅನುಮಾನ ಬರುತ್ತದೆ. ಬೆಲೆ ಇಳಿಯುವುದು ಅಲ್ಲಿಂದಲೇ. ನೀವು ಜಪಾನಿನಲ್ಲೇ ಇರುವುದರಿಂದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸರಿಯಾದದ್ದು ಸಿಗುತ್ತದೆ.

ಹಿಂಭಾಗದ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳನ್ನು ತೆಗೆದು ನಿಧಾನವಾಗಿ ಎತ್ತಿ. ಒಳಗೆ ನಾಲ್ಕು ಪಾಟ್‌ಗಳು (ನಾಬ್ ತಿರುಗಿಸಿದಾಗ ಸದ್ದು ಹೊಂದಿಸುವ ಭಾಗಗಳು), ವೈರ್, ಕೆಪಾಸಿಟರ್ ಕಾಣುತ್ತವೆ. ಬೆಸುಗೆಯನ್ನು ಟಾರ್ಚ್ ಹಾಕಿ ನೋಡಿ. ಕಾರ್ಖಾನೆಯ ಬೆಸುಗೆ ಎಲ್ಲ ಕಡೆ ಒಂದೇ ತರ ಇರುತ್ತದೆ, ಕಾಲ ಕಳೆದು ಮಬ್ಬಾಗಿರುತ್ತದೆ. ಒಂದೆರಡು ಕಡೆ ಮಾತ್ರ ಹೊಳೆಯುವ ದಪ್ಪ ಉಂಡೆ ಇದ್ದರೆ ಅಲ್ಲಿ ಯಾರೋ ಆಮೇಲೆ ಕೈ ಹಾಕಿದ್ದಾರೆ. ಹೆಚ್ಚಾಗಿ ಪಿಕಪ್ ಬದಲಾಯಿಸಿರುತ್ತಾರೆ. ಪಾಟ್‌ಗಳನ್ನೂ ಗಮನಿಸಿ. ಜಪಾನಿನವು ಸಾಮಾನ್ಯವಾಗಿ ಅಮೆರಿಕದ ಸಿಟಿಎಸ್ ಪಾಟ್‌ಗಿಂತ ಚಿಕ್ಕವು. ನಾಬ್ ಕೂರುವ ದಂಡಿನ ಹಲ್ಲುಗಳೂ ಬೇರೆ, ಜಪಾನಿನದರಲ್ಲಿ 18, ಅಮೆರಿಕದ್ದರಲ್ಲಿ 24. ಒಳಗೆ ದೊಡ್ಡ ಸಿಟಿಎಸ್ ಪಾಟ್ ಕಂಡರೆ ವೈರಿಂಗ್ ಪೂರ್ತಿ ಹೊಸದು ಅಂತಲೇ ತಿಳಿಯಿರಿ. ನುಡಿಸಲು ಅದರಿಂದ ನಷ್ಟವಿಲ್ಲ, ಎಷ್ಟೋ ಸಲ ಲಾಭವೇ. ಮಾಡೆಲ್ ಪತ್ತೆಗೆ ಮಾತ್ರ ಒಂದು ಸಾಕ್ಷಿ ಕೈತಪ್ಪಿದಂತೆ.

ಅದೇ ಗುಂಡಿಯ ಗೋಡೆಯಲ್ಲಿ ಬಾಡಿಯ ಮರದ ಪದರಗಳು ಬಣ್ಣವಿಲ್ಲದೆ ಕಾಣುತ್ತವೆ. ಬಣ್ಣ ಬಳಿದಿದ್ದರೂ ಸ್ಕ್ರೂ ತೂತುಗಳ ಒಳಗೆ ಹಸಿ ಮರ ಇಣುಕುತ್ತದೆ. ಮಹಾಗನಿಯಲ್ಲಿ ಸಣ್ಣ ಸಣ್ಣ ಕಡ್ಡಿ ಗೀಚಿದ ಹಾಗೆ ಕಪ್ಪು ರಂಧ್ರಗಳಿರುತ್ತವೆ, ಬಣ್ಣ ಕೆಂಪು ಕಂದು. ಮೇಪಲ್ ಬಿಳಿಚು, ನುಣುಪು, ರಂಧ್ರ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಪದರ, ಯಾವ ಮರ, ಮೇಲಿನ ಮೇಪಲ್ ಎಷ್ಟು ದಪ್ಪ ಎಂದು ಬರೆದುಕೊಳ್ಳಿ. ಕ್ಯಾಟಲಾಗಿನಲ್ಲಿ ಪ್ರತಿ ಮಾಡೆಲ್ಲಿನ ಎದುರು ಮೊದಲು ಸಿಗುವ ವಿವರ ಇದೇ.

ಆಮೇಲೆ ನೆಕ್ ಕಡೆಯ ಪಿಕಪ್. ನನ್ನ ಪ್ರಕಾರ ಇಡೀ ಗಿಟಾರಿನಲ್ಲಿ ತುಂಬಾ ಮಾತಾಡುವ ಜಾಗ ಇದು. ತಂತಿಗಳನ್ನು ಸಡಿಲ ಮಾಡಿ, ಪಿಕಪ್ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ನಾಲ್ಕು ಮೂಲೆಯ ಸ್ಕ್ರೂಗಳನ್ನು ತೆಗೆಯಿರಿ. ಎತ್ತರ ಹೊಂದಿಸುವ ಎರಡು ಸ್ಕ್ರೂಗಳನ್ನು ಮುಟ್ಟಬೇಡಿ. ಪಿಕಪ್ಪನ್ನು ಎತ್ತಿ ಒಂದು ಬಟ್ಟೆಯ ಮೇಲೆ ಮಗುಚಿಡಿ, ವೈರ್ ಎಳೆಯಬೇಡಿ. ಈಗ ಗುಂಡಿಯ ಒಳಗೆ, ಫಿಂಗರ್‌ಬೋರ್ಡ್ ಮುಗಿಯುವ ಜಾಗದ ಕೆಳಗೆ ನೋಡಿ. ನೆಕ್ಕಿನ ಮರ ನಾಲಿಗೆಯಂತೆ ಬಾಡಿಯೊಳಗೆ ಚಾಚಿಕೊಂಡಿರುತ್ತದೆ. ಅದು ಪಿಕಪ್ ಗುಂಡಿಯ ಒಳಗೂ ಮುಂದುವರಿದಿದೆಯೋ, ಅಂಚಿನಲ್ಲೇ ನಿಂತಿದೆಯೋ? ಅದರ ಮರ ಮಹಾಗನಿಯೋ, ಮೇಪಲ್ಲೋ? ಬಾಡಿಗೂ ಅದಕ್ಕೂ ನಡುವೆ ಸಂದು ಇದೆಯೋ, ಬಿಗಿಯಾಗಿ ಕೂತಿದೆಯೋ? ಈ ಜೋಡಣೆಯ ಫೋಟೊ ಒಂದಿದ್ದರೆ ಜಪಾನಿನ ಹಳೇ ಗಿಟಾರ್ ಅಂಗಡಿಯವರು ಅರ್ಧ ಉತ್ತರ ಅಲ್ಲೇ ಹೇಳುತ್ತಾರೆ. ಗುಂಡಿಯ ತಳದಲ್ಲಿ ಪೆನ್ಸಿಲ್ ಬರಹ, ರಬ್ಬರ್ ಸ್ಟ್ಯಾಂಪ್ ಗುರುತು ಇದ್ದರೆ ಅದರ ಫೋಟೊವನ್ನೂ ತೆಗೆಯಿರಿ. ಒರೆಸಬೇಡಿ. ಧೂಳು ಇದ್ದರೆ ಮೆತ್ತನೆ ಬ್ರಶ್ ಸಾಕು.

ಮಗುಚಿಟ್ಟ ಪಿಕಪ್ಪಿನ ಲೋಹದ ತಳವನ್ನೂ ನೋಡಿ. ಆ ಕಾಲದ ಗ್ರೆಕೊ ಪಿಕಪ್‌ಗಳನ್ನು ಮ್ಯಾಕ್ಸಾನ್ ಹೆಸರಿನ ನಿಶಿನ್ ಓನ್ಪಾ ಕಂಪನಿ ಮಾಡುತ್ತಿತ್ತು. ಗಿಟಾರ್ ನುಡಿಸುವವರಿಗೆಲ್ಲ ಗೊತ್ತಿರುವ ಐಬನೆಜ್ ಟ್ಯೂಬ್ ಸ್ಕ್ರೀಮರ್ ಪೆಡಲ್ಲೂ ಇದೇ ಕಂಪನಿಯದ್ದು. ಯು-1000, ಯು-2000 ಎಂಬ ಎರಡು ಹೆಸರು ಈ ವರ್ಷಗಳ ಗ್ರೆಕೊ ವಿಷಯದಲ್ಲಿ ಪದೇ ಪದೇ ಕೇಳುತ್ತೀರಿ. ಆದರೆ ಬರೀ ಪಿಕಪ್ ನೋಡಿ ಮಾಡೆಲ್ ತೀರ್ಮಾನ ಮಾಡುವುದು ಬೇಡ. ನಾಲ್ಕು ಸ್ಕ್ರೂ, ಸ್ವಲ್ಪ ಬೆಸುಗೆ, ಅಷ್ಟರಲ್ಲಿ ಪಿಕಪ್ ಬದಲಾಗಿಬಿಡುತ್ತದೆ. ನೆಕ್ಕಿನ ಜೋಡಣೆಯನ್ನು ಯಾರೂ ಬದಲಾಯಿಸುವುದಿಲ್ಲ. ಸಾಕ್ಷಿಗಳು ಒಂದಕ್ಕೊಂದು ಹೊಂದದಿದ್ದರೆ ಮರವನ್ನೇ ನಂಬಿ.

ಬ್ರಿಡ್ಜ್, ಟೇಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸುವ ಲೋಹದ ತುಂಡು) ಬದಲಾಗಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಜಪಾನಿನವು ಮಿಲಿಮೀಟರ್ ಅಳತೆಯವು, ಗಿಬ್ಸನ್ನಿನವು ಇಂಚಿನವು. ಒಂದರ ಬೋಲ್ಟ್ ಇನ್ನೊಂದರ ತಿರುಪಿನ ತೂತಿನಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಒತ್ತಾಯ ಮಾಡಿ ತಿರುಗಿಸಿ ನೋಡುವ ಅಗತ್ಯವಿಲ್ಲ, ವರ್ನಿಯರ್ ಕ್ಯಾಲಿಪರ್ ಇದ್ದರೆ ಅಳೆದರೆ ಆಯಿತು.

ಇಷ್ಟು ಬರೆದುಕೊಂಡ ಮೇಲೆ ಕ್ಯಾಟಲಾಗ್. ಗ್ರೆಕೊದ 1970ರ ದಶಕದ ಕ್ಯಾಟಲಾಗುಗಳ ಸ್ಕ್ಯಾನ್ ಪ್ರತಿಗಳು ಹುಡುಕಿದರೆ ಸಿಗುತ್ತವೆ. ಜಪಾನಿ ಓದಲು ಬರದಿದ್ದರೂ ತೊಂದರೆ ಇಲ್ಲ. ಬಾಡಿ, ನೆಕ್, ಪಿಕಪ್ ಇಂಥ ಪದಗಳೆಲ್ಲ ಕತಕಾನ ಲಿಪಿಯಲ್ಲಿ ಇಂಗ್ಲಿಷ್ ಉಚ್ಚಾರಣೆಯಲ್ಲೇ ಇರುತ್ತವೆ, ನಿಮಗೆ ಅಷ್ಟು ಲಿಪಿ ಈಗಾಗಲೇ ಬರುತ್ತಿರಬಹುದು. 1977ರ ಹಿಂದೆ ಮುಂದೆ ಒಂದೊಂದು ವರ್ಷದ್ದನ್ನೂ ನೋಡಿ. ಜೂನ್ ತಿಂಗಳಲ್ಲಿ ತಯಾರಾದ ಗಿಟಾರಿನಲ್ಲಿ ಹಿಂದಿನ ಕ್ಯಾಟಲಾಗಿನ ವಿವರವೂ ಇರಬಹುದು, ಮುಂದಿನದೂ ಇರಬಹುದು. ಅದೇ ಇಜಿ-500 ಎಂಬ ಹೆಸರು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಗಿಟಾರಿಗೆ ಸೇರಿದೆ. ಹೆಸರು ಬೆಲೆಯದಾದ್ದರಿಂದ, 50,000 ಯೆನ್‌ಗೆ ಆ ವರ್ಷ ಏನು ಕೊಡಬಹುದೋ ಅದೇ ಆ ವರ್ಷದ 500. ‘ನನ್ನದು ಇಜಿ-500, ತುಂಬಾ ಚೆನ್ನಾಗಿದೆ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು ‘ಯಾವ ವರ್ಷದ್ದು?’ ಎಂದು.

ಈಗ ‘ಲಾಸೂಟ್ ಮಾಡೆಲ್’ ವಿಷಯ. ಈ ಹೆಸರಿನಲ್ಲಿ ಎಷ್ಟೋ ಜನ ಸುಮ್ನೆ ಹಣ ಕಳೆದುಕೊಳ್ಳುತ್ತಾರೆ. ನಡೆದದ್ದು ಇಷ್ಟು. ಆಗ ಗಿಬ್ಸನ್ನಿನ ಒಡೆತನ ನಾರ್ಲಿನ್ ಎಂಬ ಕಂಪನಿಯದು. ಅದು 1977ರ ಜೂನ್ 28ರಂದು ಅಮೆರಿಕದ ಫಿಲಡೆಲ್ಫಿಯಾದ ಕೋರ್ಟಿನಲ್ಲಿ ಎಲ್ಗರ್ ಎಂಬ ಕಂಪನಿಯ ಮೇಲೆ ಕೇಸ್ ಹಾಕಿತು. ಎಲ್ಗರ್ ಅಂದರೆ ಅಮೆರಿಕದಲ್ಲಿ ಐಬನೆಜ್ ಮಾರುತ್ತಿದ್ದ, ಹೋಶಿನೊದ ಅಂಗಸಂಸ್ಥೆ. ತಕರಾರು ಹೆಡ್‌ಸ್ಟಾಕಿನ ಆಕಾರದ ಬಗ್ಗೆ. ಐಬನೆಜ್ ಆ ಹೊತ್ತಿಗಾಗಲೇ ಆಕಾರ ಬದಲಾಯಿಸಿತ್ತು. 1978ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಇದರಲ್ಲಿ ಗ್ರೆಕೊ ಎಲ್ಲೂ ಇಲ್ಲ. ಅದು ಜಪಾನಿನ ಒಳಗೆ ಮಾರಾಟವಾಗುತ್ತಿದ್ದ ಗಿಟಾರ್, ಆಮೇಲೂ ಅದೇ ಆಕಾರದ ಹೆಡ್‌ಸ್ಟಾಕ್ ಇಟ್ಟುಕೊಂಡೇ 1980ರ ದಶಕಕ್ಕೆ ಬಂತು. ನಿಮ್ಮ ಗಿಟಾರ್ ಕೇಸ್ ದಾಖಲಾದ ತಿಂಗಳೇ ಮಾತ್ಸುಮೊಟೊದಲ್ಲಿ ತಯಾರಾಯಿತು ಅನ್ನುವುದು ಕಾಕತಾಳೀಯ ಮಾತ್ರ. ಗಿಟಾರಿನ ಗುಣಕ್ಕೂ ಆ ಕೇಸಿಗೂ ಯಾವ ಸಂಬಂಧವೂ ಇಲ್ಲ. ‘ಲಾಸೂಟ್’ ಅನ್ನುವ ಒಂದೇ ಪದಕ್ಕೆ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ.

ಅದೇ ಮಾರಾಟಗಾರರು ‘ಇಜಿ-1000’ ಎಂದು ಬರೆದದ್ದಕ್ಕೂ ಆಧಾರ ಕೇಳಬೇಕು. ಬಾಡಿಯ ಒಳಗಿನ ಫೋಟೊ ಕೊಟ್ಟಿದ್ದಾರಾ? ಯಾವ ಕ್ಯಾಟಲಾಗಿನ ಯಾವ ಸಾಲಿಗೆ ಹೊಂದಿಸಿದ್ದಾರೆ? ಬರೀ ಮುಂಭಾಗದ ಫೋಟೊ ಹಾಕಿ 1000 ಎಂದು ಬರೆಯುವುದು ಯಾರಿಂದಲಾದರೂ ಆಗುತ್ತದೆ.

ನಿಮ್ಮ ಸ್ನೇಹಿತರ ಬಳಿ ಬೇರೆ ಹಳೇ ಜಪಾನಿ ಗಿಟಾರ್ ಇದ್ದರೆ ಅವರಿಗೂ ಉಪಯೋಗವಾಗಲಿ ಎಂದು ಎರಡು ಮಾತು. ಹೊರದೇಶಕ್ಕೆ ಹೋದ ಐಬನೆಜ್‌ಗೆ ಬೆಲೆಯ ಹೆಸರಿಲ್ಲ, 2350 ತರದ ಸಂಖ್ಯೆ. ಅದು ಲೆಸ್ ಪಾಲ್ ಕಸ್ಟಮ್ ಆಕಾರದ್ದು. 1980ರ ದಶಕದ ಆರಂಭದ ಟೋಕಾಯ್‌ನ ಏಳು ಅಂಕಿಯ ನಂಬರಿನಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ. ಫೆಂಡರ್ ಜಪಾನಿನಲ್ಲಿ ‘ಜೆವಿ’ ಎಂದು ಶುರುವಾಗುವ ನಂಬರ್ 1982ರಿಂದ 1984ರದ್ದು. ಅದರಲ್ಲಿ ನೆಕ್ ಬೋಲ್ಟ್ ಬಿಚ್ಚಿದರೆ ನೆಕ್ಕಿನ ಬುಡದಲ್ಲಿ ಸ್ಟ್ಯಾಂಪ್ ಸಿಗುವ ಸಾಧ್ಯತೆ ಇದೆ. ನೆಕ್ ಪ್ಲೇಟ್ ಮೇಲೆ ‘ಸ್ಟೀಲ್ ಅಡ್ಜಸ್ಟಬಲ್ ನೆಕ್’ ಎಂದಿದ್ದರೆ ಮಾತ್ಸುಮೊಟೊದ ಇನ್ನೊಂದು ಕಾರ್ಖಾನೆ ಮಾತ್ಸುಮೊಕುವಿನ ಕಡೆ ಹುಡುಕಿ. ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡುತ್ತಿದ್ದವರು ಗಿಟಾರಿಗೆ ಬಂದರು. ಅರಿಯಾ, ಯೂನಿವಾಕ್ಸ್, ವೆಸ್ಟೋನ್ ಗಿಟಾರುಗಳನ್ನು ಕಟ್ಟಿ 1987ರಲ್ಲಿ ಬಾಗಿಲು ಹಾಕಿದರು. ಅವರ ಮರಗೆಲಸ ನನಗೆ ತುಂಬಾ ಇಷ್ಟ, ಇವತ್ತಿಗೂ ಅದಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಗಿಟಾರಿಗೆ ಬಂದರೆ, ಇದು 1977ರ ಜೂನ್ ತಿಂಗಳ ಗ್ರೆಕೊ ಇಜಿ, ಕಸ್ಟಮ್ ಅಲ್ಲದ ಸ್ಟ್ಯಾಂಡರ್ಡ್ ಮಾದರಿ, ಅಂಟಿಸಿದ ನೆಕ್, ಪ್ಯಾನ್‌ಕೇಕ್ ಬಾಡಿ. ಇಷ್ಟನ್ನು ಧೈರ್ಯವಾಗಿ ಬರೆದುಕೊಳ್ಳಿ. ನನ್ನ ಅಂದಾಜು ಇದು ಸಾಲಿನ ನಡುಭಾಗದ್ದು. ಮೊದಲು 500ರ ವಿವರದೊಂದಿಗೆ ಹೋಲಿಸಿ, ಹೊಂದದಿದ್ದರೆ ಒಂದೊಂದೇ ಮೆಟ್ಟಿಲು ಮೇಲೆ ಹೋಗಿ. ನೆಕ್ಕಿನ ಮರ ಮತ್ತು ಬಾಡಿಯ ಪದರ ಎರಡೂ ಒಂದೇ ಮಾಡೆಲ್ ಕಡೆ ಬೆರಳು ತೋರಿಸಿದರೆ ಅದೇ ನಿಮ್ಮ ಮಾಡೆಲ್. ಎರಡು ಮಾಡೆಲ್‌ಗಳ ನಡುವೆ ಪಿಕಪ್ ಒಂದೇ ವ್ಯತ್ಯಾಸವಾಗಿ ಉಳಿದರೆ ಮಾತ್ರ ಬೆಸುಗೆಯ ಸಾಕ್ಷಿಗೆ ಬೆಲೆ ಬರುತ್ತದೆ. ಬೆಸುಗೆ ಕಾರ್ಖಾನೆಯದೇ ಆಗಿದ್ದರೆ ಪಿಕಪ್ಪಿನ ಮಾತು ಕೇಳಬಹುದು.

ಊರಿಗೆ ತರುವ ಬಗ್ಗೆ. ಫಿಂಗರ್‌ಬೋರ್ಡ್ ಕಂದು ಬಣ್ಣದ್ದಾಗಿದ್ದರೆ ಅದು ರೋಸ್‌ವುಡ್. ಜಪಾನಿ ಕಾರ್ಖಾನೆಗಳು ಇದಕ್ಕೆ ಸಾಮಾನ್ಯವಾಗಿ ಬಳಸಿದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆ. 2017ರ ಜನವರಿಯಲ್ಲಿ ಈ ಕುಲದ ಎಲ್ಲ ಮರಗಳೂ ಸೈಟಿಸ್ ಎಂಬ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಆಗ ಗಿಟಾರ್ ಗಡಿ ದಾಟಿಸುವುದು ದೊಡ್ಡ ತಲೆನೋವಾಗಿತ್ತು. 2019ರ ನವೆಂಬರಿನಿಂದ ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಆ ವಿನಾಯಿತಿ ಇಲ್ಲ. ಹಾಗಾಗಿ ಕ್ಯಾಟಲಾಗಿನಲ್ಲಿ ನಿಮ್ಮ ಮಾಡೆಲ್ ಎದುರು ಫಿಂಗರ್‌ಬೋರ್ಡಿಗೆ ‘ಜಕರಾಂಡಾ’ ಎಂದು ಬರೆದಿದೆಯಾ ನೋಡಿ. ಜಪಾನಿನಲ್ಲಿ ಬ್ರೆಜಿಲ್ ರೋಸ್‌ವುಡ್ಡನ್ನು ಹಾಗೇ ಕರೆಯುತ್ತಾರೆ. ಬರೆದಿದ್ದರೆ ಹೊರಡುವ ಮೊದಲೇ ಮರ ಯಾವುದೆಂದು ಬಲ್ಲವರಿಂದ ಖಚಿತ ಮಾಡಿಕೊಂಡು, ಕಾಗದಪತ್ರದ ಬಗ್ಗೆ ವಿಚಾರಿಸಿ. ಬರೀ ‘ರೋಸ್‌ವುಡ್’ ಎಂದಿದ್ದರೆ ಈ ವಿಷಯದಲ್ಲಿ ಚಿಂತೆ ಬೇಡ. ಅಂಗಡಿಯ ರಸೀದಿಯನ್ನು ಗಿಟಾರಿನ ಜೊತೆಯಲ್ಲೇ ಇಟ್ಟುಕೊಳ್ಳಿ. ವಿಮಾನಕ್ಕೆ ಹಾಕುವಾಗ ಗಟ್ಟಿ ಕೇಸ್ ಇರಲಿ. ಹೆಡ್‌ಸ್ಟಾಕಿನ ಕೆಳಗೆ, ಕೇಸಿನ ಒಳಗೆ ಮಡಿಸಿದ ಬಟ್ಟೆ ತುಂಬಿ. ಲೆಸ್ ಪಾಲ್ ಆಕಾರದ ಗಿಟಾರುಗಳು ಬಿದ್ದರೆ ಮೊದಲು ಮುರಿಯುವುದು ಅಲ್ಲೇ.